ಆಂಟಿಯ ಊರಿನ ಪತ್ರಿಕೆ

ಟೆಕ್ಸಸ್ಸಿನ ಲಾಸ್ ಕೊಲಿನಾಸಿನಲ್ಲಿ ನಮ್ಮ ಆಫೀಸಿನ ಎದುರಿಗಿದ್ದ ಥಾಯ್ ಹೋಟೆಲಿಗೆ ಹೋದವರು ಬರೀ ಊಟ ಮಾಡಿ ಬಂದದ್ದೇ ಇಲ್ಲ; ಏನಾದರೊಂದು ಆಗಿಯೇ ತೀರುತ್ತಿತ್ತು. ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಹೆದರಿ ನಾವು ದಿನವಿಡೀ ದುರಸ್ತಿಗೆ ಕೂತಿದ್ದ ಕಾಲ ಅದು. ನಗುವುದಕ್ಕೆ ಮಧ್ಯಾಹ್ನದ ಆ ಹೊತ್ತೊಂದೇ ಇತ್ತು.

ಹಕ್ಕಿಯ ಶಿಸ್ತು

ಹೋಟೆಲಿನ ಯಜಮಾನಿ ದಕ್ಷಿಣ ಥಾಯ್ಲೆಂಡಿನ ಸಣ್ಣ ಊರಿನವರು. ನಮಗೆಲ್ಲ ಆಂಟಿ. ಅವರ ತಮ್ಮ ಆ ಊರಿನಲ್ಲಿ ವಾರಪತ್ರಿಕೆ ನಡೆಸುತ್ತಿದ್ದ. ಸಂಪಾದಕ, ವರದಿಗಾರ, ಫೋಟೋಗ್ರಾಫರ್ ಎಲ್ಲ ಅವನೇ. ಅಂಚೆಯಲ್ಲಿ ಬಂದ ಪತ್ರಿಕೆಯ ಸುದ್ದಿಯನ್ನು ಆಂಟಿ ಬಡಿಸುತ್ತ ಬಡಿಸುತ್ತ ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಒಮ್ಮೆ ಅಲ್ಲಿ ಪಂಜರದ ಹಕ್ಕಿಗಳಿಗೆ ಹಾಡುವ ಸ್ಪರ್ಧೆ ನಡೆದಿತ್ತು. ದೊಡ್ಡ ಅಧಿಕಾರಿಯ ಹಕ್ಕಿ ಸಂಜೆಯವರೆಗೂ ಬಾಯೇ ಬಿಡಲಿಲ್ಲವಂತೆ. ತೀರ್ಪುಗಾರರು ತಲೆ ಕೆರೆದುಕೊಂಡು, ಕೊನೆಗೆ ಅದಕ್ಕೆ ಶಿಸ್ತಿನ ಬಹುಮಾನ ಕೊಟ್ಟರಂತೆ.

ನೋಡುವ ಸ್ಥಳ

ನಮ್ಮ ಸಹೋದ್ಯೋಗಿಯೊಬ್ಬ ಬೆಂಗಳೂರಿಗೆ ಹೋಗುವಾಗ, ಆಂಟಿಯ ಮಾತು ಕೇಳಿ, ಆ ಊರಿನಲ್ಲಿ ಎರಡು ದಿನ ಇಳಿದ. ಆಂಟಿಯ ತಮ್ಮ ಸ್ಟೇಷನ್ನಿಗೇ ಬಂದು ಹಾರ ಹಾಕಿದ, ಮಾರ್ಕೆಟ್ಟು, ಶಾಲೆ, ಪುರಸಭೆ ಎಲ್ಲ ಕಡೆ ಮೆರವಣಿಗೆ ಮಾಡಿಸಿದ. ವಾಪಸು ಬಂದವನನ್ನು, ಅಲ್ಲಿ ನೋಡುವುದಕ್ಕೆ ಏನೇನಿದೆ ಎಂದು ಕೇಳಿದೆವು.

ಅವನು, "ಸದ್ಯಕ್ಕೆ ನಾನೇ" ಎಂದ. ಅವನ ಫೋಟೋ ಇಂದಿಗೂ ಅಲ್ಲಿನ ಲಾಡ್ಜಿನ ಬೋರ್ಡಿನಲ್ಲಿದೆಯಂತೆ: 'ಅಮೆರಿಕನ್ನರ ಮೊದಲ ಆಯ್ಕೆ.'

ಹಳದಿ ಬಾವುಟ

ಆ ವರ್ಷ ಆಂಟಿ ತಮ್ಮ ಊರಿನ ಸಸ್ಯಾಹಾರದ ಹಬ್ಬವನ್ನು ಹೋಟೆಲಿನಲ್ಲಿ ಮಾಡಿದರು. ಒಂಬತ್ತು ದಿನ ಮಾಂಸವಿಲ್ಲ, ಮೀನಿಲ್ಲ. ಬಾಗಿಲಿಗೆಲ್ಲ ಹಳದಿ ಬಾವುಟ. ಟೆಕ್ಸಸ್ಸಿನವರು ಬಂದು, ಚಿಕನ್ ಇಲ್ಲವೆಂದು ತಿಳಿದು, ವಿನಯದಿಂದ ಹೊರಟುಹೋದರು. ಆಂಟಿ ಖಾಲಿ ಕುರ್ಚಿಗಳ ನಡುವೆ ಸಪ್ಪೆ ಮುಖ ಮಾಡಿ ಕೂತಿದ್ದರು. ಅಮೆರಿಕದಲ್ಲಿ ಅಕ್ಕನ ಹಬ್ಬಕ್ಕೆ ಜನಸಾಗರ ಎಂದು ತಮ್ಮ ಆಗಲೇ ಅಚ್ಚು ಹಾಕಿಬಿಟ್ಟಿದ್ದನಂತೆ. ತುಂಬಿದ ಹೋಟೆಲಿನ ಒಂದು ಫೋಟೋ ಹೋಗದಿದ್ದರೆ ಅವನು ಊರಿನಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. ನನಗೆ ಪಾಪ ಎನಿಸಿತು.

"ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟೋ ಹಾಗಿಲ್ಲ. ಯಾರು ಬರ್ತಾರೆ?" ಎಂದರು ಆಂಟಿ.

ನಾನು ಚಮಚ ಕೆಳಗಿಟ್ಟೆ. ಮನೆಯಲ್ಲಿ ಉಡುಪಿಯಿಂದ ಬಂದಿದ್ದ ನಮ್ಮತ್ತೆ ಅದೇ ಒಂಬತ್ತು ದಿನ, ನವರಾತ್ರಿಗೆಂದು, ಅದೇ ಮಡಿಯಲ್ಲಿದ್ದರು. ಟೆಕ್ಸಸ್ಸಿಗೆ ಬಂದಮೇಲೆ ಹೊರಗೆ ನೀರೂ ಕುಡಿದವರಲ್ಲ. ಮರುದಿನವೇ ಕರೆತಂದೆ. ಅತ್ತೆ ನೇರ ಅಡುಗೆಮನೆಗೆ ನುಗ್ಗಿ, ಹಬ್ಬಕ್ಕೆಂದೇ ತಂದಿದ್ದ ಹೊಸ ಪಾತ್ರೆಗಳನ್ನು ತಿರುಗಿಸಿ, ಡಬ್ಬಿಗಳನ್ನು ಮೂಸಿ ನೋಡಿದರು. ಇಬ್ಬರಿಗೂ ಒಂದೇ ಒಂದು ಸಮಾನ ಭಾಷೆಯಿಲ್ಲ. ಆದರೂ ಬೆಳ್ಳುಳ್ಳಿಯ ಮಾತು ಬಂದಾಗ ಇಬ್ಬರೂ ಒಟ್ಟಿಗೇ ಮೂಗು ಮುಚ್ಚಿಕೊಂಡರು.

ಆ ಸಂಜೆ ಅತ್ತೆ ಗೊತ್ತಿದ್ದ ಕನ್ನಡದವರ ಮನೆಗಳಿಗೆಲ್ಲ ಫೋನು ಹಚ್ಚಿದರು. ಕೊನೆಯ ದಿನ ಕುರ್ಚಿ ಸಾಲದೆ ಜನ ನಿಂತು ಉಂಡರು. ರೇಷ್ಮೆಯ ಪಟ್ಟೆಸೀರೆ ಉಟ್ಟು, ಎರಡೂ ಕಡೆ ವಜ್ರದ ಮೂಗುಬೊಟ್ಟು ಹಾಕಿಕೊಂಡು ಅತ್ತೆ ಆಂಟಿಯ ಪಕ್ಕದಲ್ಲಿ ನಿಂತರು. ಫೋಟೋ ಥಾಯ್ಲೆಂಡಿಗೆ ಹೋಯಿತು.

ಮುಖಪುಟ

ಪತ್ರಿಕೆ ಬಂದಾಗ ಮುಖಪುಟದ ತುಂಬ ಅತ್ತೆಯೇ. ಆಂಟಿ ನಕ್ಕು ನಕ್ಕು ಓದಲಾರದೆ ಹೋದರು. ಆ ಊರಿನ ಹಬ್ಬದಲ್ಲಿ ಮೈಮೇಲೆ ದೇವರು ಬಂದವರು ಕೆನ್ನೆಗೆ ಶೂಲ ಚುಚ್ಚಿಕೊಳ್ಳುತ್ತಾರೆ, ನೋವೇ ಆಗುವುದಿಲ್ಲವಂತೆ. ಫೋಟೋ ನೋಡಿ ಆಂಟಿಯ ತಮ್ಮ ಹೀಗೆ ತಲೆಬರಹ ಕೊಟ್ಟಿದ್ದ: 'ಅಮೆರಿಕದಲ್ಲೂ ದೇವರ ಆವಾಹನೆ! ಮೂಗಿನ ಎರಡೂ ಕಡೆ ಚುಚ್ಚಿಕೊಂಡ ಮಹಾತಾಯಿ. ಒಂದು ಹನಿ ರಕ್ತವಿಲ್ಲ, ಮುಖದಲ್ಲಿ ನಗು.' ಮುಂದಿನ ವರ್ಷದ ಮೆರವಣಿಗೆಗೆ ಅವರೇ ಮುಂದಾಳಾಗಿ ಬರಬೇಕೆಂದು ಊರಿನವರ ಆಹ್ವಾನ ಬೇರೆ.

ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಮುಖಪುಟದ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪತ್ರಿಕೆಯನ್ನು ಜೋಪಾನವಾಗಿ ಮಡಚಿ ಸೂಟ್‌ಕೇಸಿನಲ್ಲಿಟ್ಟರು.

"ಬರ್ತೇನೆ ಅಂತ ಹೇಳು," ಎಂದರು. "ಆದ್ರೆ ಸಣ್ಣದಿರುವಾಗ ಈ ಮೂಗು ಚುಚ್ಚಿದ ದಿನ ನಾನು ಕೂಗಿ ಊರು ಒಂದು ಮಾಡಿದ್ದೆ. ಅದನ್ನು ಮಾತ್ರ ಆ ಪೇಪರಿನವನಿಗೆ ಹೇಳ್ಲಿಕ್ಕೆ ಹೋಗ್ಬೇಡ."