ಹಾಡಿ ಕುಣಿಯುವ ಪದವಿಗೆ ನನ್ನ ವಿರೋಧವಿದೆ

ಹಾಡುವುದಕ್ಕೆ ಪದವಿ ಇದೆ. ಕುಣಿಯುವುದಕ್ಕೂ ಇದೆ. ಹಾಡುತ್ತ, ಕುಣಿಯುತ್ತ, ನಡುವೆ ಬಿಡುವಾದಾಗ ಅಳುವುದಕ್ಕೆ ನಾಲ್ಕು ವರ್ಷದ ಪ್ರತ್ಯೇಕ ಪದವಿಯೇ ಇದೆ. ಹೆಸರು ಮ್ಯೂಸಿಕಲ್ ಥಿಯೇಟರ್. ನನ್ನ ಮಗಳು ಟೆಸ್‌ಗೆ ಅದೇ ಬೇಕಂತೆ. ನಾನೋ, ಕಾಲೇಜಿನ ಮೆಟ್ಟಿಲು ತುಳಿಯದೆ, ಟೊಲೀಡೊ ಊರಿನ ಪತ್ರಿಕೆಯ ಅಂಕಣದಲ್ಲಿ ಮೇಯರನ್ನೂ ಚರಂಡಿಯನ್ನೂ ವಾರವಾರ ಸಮಾನ ಗೌರವದಿಂದ ಬಯ್ದುಕೊಂಡು ಬಂದವನು. ನನ್ನ ಮನೆಯಲ್ಲೇ ಹೀಗಾದರೆ ಸುಮ್ಮನಿರುವುದು ಹೇಗೆ?

ಊಟದ ಮೇಜಿನ ಮೇಲೆ ಕಾಲೇಜುಗಳ ಬಣ್ಣದ ಪುಸ್ತಿಕೆಗಳ ರಾಶಿ. ಎಲ್ಲದರ ಮುಖಪುಟದಲ್ಲೂ ಒಬ್ಬ ಹುಡುಗಿ ಗಾಳಿಗೆ ನೆಗೆದಿದ್ದಾಳೆ. (ಕೆಳಗಿಳಿದ ಮೇಲೆ ಅವಳಿಗೆ ಏನು ಕೆಲಸ ಸಿಕ್ಕಿತೆಂದು ಯಾವ ಪುಟದಲ್ಲೂ ಇಲ್ಲ.)

"ಇದನ್ನ ಕೇಳಿ," ಎಂದೆ, ಒಂದು ಪುಸ್ತಿಕೆ ಎತ್ತಿಕೊಂಡು. "ಇವರು ಹಾಡು ಕಲಿಸಲ್ವಂತೆ, ನಮ್ಮೊಳಗಿನ ಸತ್ಯ ಹುಡುಕಿಸ್ತಾರಂತೆ. ಸತ್ಯ ನಾನು ಬಿಟ್ಟಿಯಾಗಿ ಹೇಳ್ತೀನಿ. ನಾಲ್ಕು ವರ್ಷ ಸತ್ಯ ಹುಡುಕ್ತೀಯ, ಐದನೇ ವರ್ಷ ನ್ಯೂಯಾರ್ಕ್ ಹೋಟೆಲಲ್ಲಿ ಪ್ಯಾನ್‌ಕೇಕ್ ತಟ್ಟೆ ಹೊರ್ತೀಯ." ಮಾತಿಗೆ ತೂಕ ಬರಲೆಂದು ಕೆಚಪ್ ಬಾಟಲಿಯಿಂದ ಮೇಜು ಕುಟ್ಟಿದೆ.

"ವೆಂಡೆಲ್, ಬಾಟಲಿ ಕೆಳಗಿಡು," ಎಂದಳು ಹೆಂಡತಿ ಮಾರ್ಲೀನ್. "ಹೋದ್ಸಲ ಪರದೆಗೆ ಹಾರಿದ ಕಲೆ ಇನ್ನೂ ಹೋಗಿಲ್ಲ."

"ಡ್ಯಾಡ್, ಆ ಪ್ಯಾನ್‌ಕೇಕ್ ಮಾತು ಇನ್ನೊಂದ್ಸಲ ಹೇಳು," ಎಂದಳು ಟೆಸ್.

ನಾಟಿತು ಎಂದುಕೊಂಡು ಇನ್ನೂ ಜೋರಾಗಿ ಹೇಳಿದೆ.

ಕಾಲೇಜುಗಳು ಮೊದಲು ವಿಡಿಯೋ ಕೇಳಿದವು. ಒಂದು ಹಾಡು, ಒಂದು ಕುಣಿತ, ಒಂದು ನಟನೆ. ಜೊತೆಗೆ ವೈಲ್ಡ್ ಕಾರ್ಡ್ ಎಂಬುದೊಂದು. ಅಂದರೆ, ಒಂದು ನಿಮಿಷ ಏನು ಬೇಕಾದರೂ ಮಾಡು, ನೀನು ಯಾರೆಂದು ತೋರಿಸು. ಟೆಸ್ ಅದನ್ನು ನೆಲಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದಳು. ನಾನು ನೋಡಲು ಹೋಗಲಿಲ್ಲ. ನನಗೂ ತತ್ವಗಳಿವೆ.

ಒಂದಾದ ಮೇಲೊಂದು ಕಾಲೇಜು ಬೇಡವೆಂದಿತು. ನಾನು ದುಃಖದ ಮುಖ ಮಾಡಿಕೊಂಡು ಓಡಾಡಿದೆ. (ಪದವಿಯಿಲ್ಲದೆಯೇ ಚೆನ್ನಾಗಿ ನಟಿಸಿದೆ.) ಶಿಕಾಗೋಗೆ ಬಾ, ಎದುರಿಗೆ ಹಾಡು ಎಂದು ಕರೆದದ್ದು ಒಂದೇ ಕಾಲೇಜು: ಆ ಸತ್ಯ ಹುಡುಕುವವರದು.

"ನಾನೇ ಕರ್ಕೊಂಡು ಹೋಗ್ತೀನಿ," ಎಂದೆ. "ಆದ್ರೆ ಅವರನ್ನ ನಾನು ಒಂದು ಪ್ರಶ್ನೆ ಕೇಳ್ಬೇಕು. ನೇರ ಉತ್ತರ ಬರ್ಲಿಲ್ವೋ, ನೀನು ಊರಲ್ಲೇ ಹಲ್ಲು ಕ್ಲೀನ್ ಮಾಡೋ ಕೋರ್ಸ್ ಸೇರ್ತೀಯ."

ಟೆಸ್ ನನ್ನತ್ತ ತಿರುಗಿದಳು. "ನೇರ ಉತ್ತರ ಬಂದ್ರೆ?"

"ಬಾಯಿ ಮುಚ್ಕೊಂಡು ಸೇರಿಸ್ತೀನಿ."

"ಮಮ್, ನೀನು ಸಾಕ್ಷಿ."

ಫೆಬ್ರವರಿಯ ಹಿಮದಲ್ಲಿ ಇಂಡಿಯಾನಾ ದಾಟಿ ಹೋದೆವು. ಶಿಕಾಗೋದ ಹೋಟೆಲೊಂದರ ಒಂದೊಂದು ಕೋಣೆಯಲ್ಲಿ ಒಂದೊಂದು ಕಾಲೇಜು ಅಂಗಡಿ ಹಾಕಿತ್ತು. ಮೊಗಸಾಲೆಯ ತುಂಬ ಒಂದೇ ಥರದ ಕಡುನೀಲಿ ಫ್ರಾಕು ತೊಟ್ಟ ಹುಡುಗಿಯರು, ಗೋಡೆಗೆ ಮುಖ ಮಾಡಿ, ಗಂಟಲು ಹದ ಮಾಡಿಕೊಳ್ಳಲು ಗುಂಯ್‌ಗುಡುತ್ತಿದ್ದರು.

"ನಮ್ಮವಳಿಗೆ ಕೋಚ್ ಇದಾರೆ," ಎಂದರು ಪಕ್ಕದ ಕುರ್ಚಿಯ ತಾಯಿ. "ತಾನು ತಾನಾಗಿರೋದು ಹೇಗೆ ಅಂತ ಹೇಳ್ಕೊಡ್ತಾರೆ."

"ಬಂತಾ?"

"ಎರಡು ವರ್ಷ ಆಯ್ತು. ಈಗೀಗ ಬರ್ತಿದೆ."

ಹದಿನೇಳರ ಮಕ್ಕಳನ್ನು ನಿಲ್ಲಿಸಿ, ನೀನು ಯಾರೆಂದು ಒಂದು ನಿಮಿಷದಲ್ಲಿ ಹೇಳು ಎನ್ನುವುದು, ಆಮೇಲೆ ಸಾಲದು ಎಂದು ಮನೆಗೆ ಕಳಿಸುವುದು. ಇಂಥ ಸಂತೆಗೆ ಶಿಕ್ಷಣವೆಂದು ಹೆಸರಿಟ್ಟವರ ಮೇಲೆ ನನಗೆ ನಿಜಕ್ಕೂ ಮೈ ಉರಿಯಿತು.

ಟೆಸ್ ಒಳಗೆ ಹೋಗಿ ಹೊರಗೆ ಬಂದಳು. ಅವಳ ಹಿಂದೆಯೇ ವಿಭಾಗದ ಮುಖ್ಯಸ್ಥೆ, ಪ್ರೊಫೆಸರ್ ಸೊರೆಲ್. "ನೀವು ಟೆಸ್ ತಂದೆ ಅಲ್ವಾ? ದಯವಿಟ್ಟು ಒಳಗೆ ಬನ್ನಿ." ಹೆತ್ತವರನ್ನು ಒಳಗೆ ಕರೆಯುವ ಪದ್ಧತಿಯೇ ಇಲ್ಲ. ಮೊಗಸಾಲೆಯ ಗುಂಯ್‌ಗುಟ್ಟುವಿಕೆ ನಿಂತಿತು.

ನಾನು ಕೂರಲಿಲ್ಲ. "ಸತ್ಯ ಹುಡುಕಿಸ್ತೀರಂತೆ," ಎಂದು ಶುರು ಮಾಡಿದೆ. ಪರೀಕ್ಷಕರು ಮೂವರೂ ಮುಂದಕ್ಕೆ ಬಾಗಿ, ಹಸಿದವರ ಹಾಗೆ ಕೇಳುತ್ತಿದ್ದರು. ತುದಿಯಲ್ಲಿದ್ದ ಗಡ್ಡದವನ ತುಟಿ ನನ್ನ ಮಾತಿನೊಂದಿಗೇ ಆಡುತ್ತಿತ್ತು. "ನಿಮ್ಮಲ್ಲಿ ಕಲಿತವರು ಐದನೇ ವರ್ಷ ಏನು ಮಾಡ್ತಾರೆ?" ಎಂದು ಉಸಿರೆಳೆದುಕೊಂಡೆ.

"ನ್ಯೂಯಾರ್ಕ್ ಹೋಟೆಲಲ್ಲಿ ಪ್ಯಾನ್‌ಕೇಕ್ ತಟ್ಟೆ ಹೊರ್ತಾರೆ," ಎಂದ ಗಡ್ಡದವ, ಆನಂದದಿಂದ. "ಕೆಚಪ್ ಬಾಟಲಿ ತಂದಿಲ್ವಾ?"

ಟೆಸ್‌ಳ ವೈಲ್ಡ್ ಕಾರ್ಡ್ ನಾನೇ ಆಗಿದ್ದೆ: ವಿಡಿಯೋದಲ್ಲಿ ಅವಳು ನನ್ನದೇ ಅನುಕರಣೆ ಮಾಡಿದ್ದಳು.

"ಅವಳ ಹಾಡು ಸಾಧಾರಣ," ಎಂದರು ಸೊರೆಲ್. "ಕರೆದಿದ್ದು ಈ ಮುದುಕನಿಗೋಸ್ಕರ. ಕ್ಷಮಿಸಿ, ನಿಮಗೋಸ್ಕರ. ಈಗ ನಿಮ್ಮ ಪ್ರಶ್ನೆ. ಹೌದು, ಮುಕ್ಕಾಲು ಜನ ತಟ್ಟೆ ಹೊರ್ತಾರೆ. ನಾನೂ ಹೊತ್ತಿದೀನಿ. ಅದು ಗೊತ್ತಿದ್ದೇ ಬರೋರು ನಮಗೆ ಬೇಕು."

ಇದಕ್ಕಿಂತ ನೇರ ಉತ್ತರ ಇರಲಿಲ್ಲ. ಬಾಗಿಲ ಸಂದಿಯಿಂದ ಟೆಸ್ ನೋಡುತ್ತಿದ್ದಳು.

"ಒಂದು ಮಾತು, ತಪ್ಪು ತಿಳೀಬೇಡಿ," ಎಂದ ಗಡ್ಡದವ. "ನೀವು ಮಾಡೋದು ಸ್ವಲ್ಪ ಅತಿಯಾಯ್ತು. ಅವಳು ಮಾಡಿದಾಗ ಆ ಮನುಷ್ಯನ ಮೇಲೆ ಪ್ರೀತಿ ಬರುತ್ತೆ."

ಮಾರ್ಚಿನಲ್ಲಿ ಸೀಟು ಬಂತು. ಆ ಸಂಜೆ ಊಟಕ್ಕೆ ಕೂತಾಗ, ಇಡೀ ವ್ಯವಸ್ಥೆಯ ಬಗ್ಗೆ ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲವೆಂದು ಸಾರಲು ಬಾಟಲಿ ಎತ್ತಿದೆ.

"ಟೆಸ್ ಮಾಡೋ ಹಾಗೆ ಮಾಡು, ವೆಂಡೆಲ್," ಎಂದಳು ಮಾರ್ಲೀನ್, ಆಲೂಗಡ್ಡೆ ಬಡಿಸುತ್ತ. "ಪ್ಯಾನ್‌ಕೇಕ್ ಅನ್ನೋದಕ್ಕೆ ಮುಂಚೆ ಒಂಚೂರು ನಿಲ್ಲಿಸ್ತಾಳೆ."

ನಿಲ್ಲಿಸಿದೆ. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಬಂತು.