ಸಾಮಾನ್ಯ ಸದಸ್ಯರು ಬೇಕಾಗಿದ್ದಾರೆ

ಸುಸೂತ್ರವಾಗಿ ನಡೆಯುತ್ತಿರುವ ಯಾವ ಕೆಲಸವನ್ನು ಕಂಡರೂ ನನಗೆ ಸುಮ್ಮನಿರಲು ಆಗುವುದಿಲ್ಲ. ಅದಕ್ಕೊಂದು ಸಂಘ ಕಟ್ಟಬೇಕು, ಸಂಘಕ್ಕೊಂದು ಹೆಸರಿಡಬೇಕು, ಹೆಸರಿಗೊಂದು ಬೋರ್ಡು ಬರೆಸಬೇಕು ಅನ್ನಿಸಿಬಿಡುತ್ತದೆ. ನಮ್ಮ ಓಣಿಯ ಹೆಂಗಸರು ಪ್ರತಿ ಬೇಸಿಗೆಯಲ್ಲೂ ಒಬ್ಬರ ಮನೆಯ ಮಾಳಿಗೆಯ ಮೇಲೆ ಸೇರಿ, ಊರ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತ ಶಾವಿಗೆ ಮಾಡುತ್ತಿದ್ದರು. ಇಂಥ ಒಳ್ಳೆಯ ಒಗ್ಗಟ್ಟು ಹೆಸರಿಲ್ಲದೆ ಹಾಳಾಗಬಾರದೆಂದು ನಾನು ಮುತುವರ್ಜಿ ವಹಿಸಿ ಅವರಿಗೊಂದು ಮಂಡಳಿ ಮಾಡಿಕೊಟ್ಟೆ. ಅಧ್ಯಕ್ಷಿಣಿ ಯಾರೆಂದು ಇತ್ಯರ್ಥವಾಗುವುದರೊಳಗೆ ಮಳೆಗಾಲ ಬಂತು. ಅಂದಿನಿಂದ ಎಲ್ಲರ ಮನೆಗೂ ಶಾವಿಗೆ ಅಂಗಡಿಯಿಂದಲೇ ಬರುತ್ತದೆ. ನನ್ನ ಹೆಂಡತಿ ಕಮಲಾಬಾಯಿ ಪಾಯಸ ಬಡಿಸುವಾಗಲೆಲ್ಲ ಈ ವಿಷಯ ತೆಗೆಯುವುದರಿಂದ ನಾನು ಪಾಯಸವನ್ನು ತಲೆ ತಗ್ಗಿಸಿಯೇ ಉಣ್ಣುತ್ತೇನೆ.

ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ನನ್ನದೊಂದು ಝರಾಕ್ಸ್ ಅಂಗಡಿ. ಬಸವಕಲ್ಯಾಣದಲ್ಲಿ ನನ್ನ ಹಳೆಯ ಗೆಳೆಯ ಇಕ್ಬಾಲ್ ಭಾಯಿಯದೊಂದು ದರ್ಜಿ ಅಂಗಡಿ. ಇಡೀ ವಾರ ಯಂತ್ರದ ಮುಂದೆ ನಾನು ನಿಂತು ಸೊಂಟ ಹಿಡಿಸಿಕೊಂಡಿದ್ದೆ, ಅವರು ಕೂತು ಮೊಣಕಾಲು ಹಿಡಿಸಿಕೊಂಡಿದ್ದರು. ಡಾಕ್ಟರು ಇಬ್ಬರಿಗೂ ನಡೆಯಲು ಹೇಳಿದರು. ಭಾನುವಾರ ಬೆಳಿಗ್ಗೆ ನಾನು ಬಸ್ಸು ಹಿಡಿದು ಕಲ್ಯಾಣಕ್ಕೆ ಹೋಗುವುದು, ಕೋಟೆಯ ಹತ್ತಿರ ಒಂದು ಚಹಾ ಕುಡಿದು ಇಬ್ಬರೂ ಊರ ಹೊರಗಿನ ತೊಗರಿ ಹೊಲಗಳ ಹಾದಿ ಹಿಡಿಯುವುದು. ಇಕ್ಬಾಲ್ ಭಾಯಿಗೆ ಒಬ್ಬ ಭಾಮೈದನಿದ್ದಾನೆ. ಅವನು ಸದಾ ಯಾವುದಾದರೂ ಹೊಸ ದಂಧೆ ಶುರುಮಾಡುವ ಹವಣಿಕೆಯಲ್ಲಿರುತ್ತಾನೆ. ಕೋಳಿ ಫಾರ್ಮು, ಸೋಲಾರ್ ದೀಪ, ಒಂಟೆ ಹಾಲು. ಆ ವಾರ ಅವನು ಏನು ಹಚ್ಚಿಕೊಂಡಿದ್ದಾನೆಂದು ಭಾಯಿ ಹೇಳುತ್ತ ಹೋದರೆ ಮೈಲಿಗಟ್ಟಲೆ ಹಾದಿ ಸವೆದದ್ದು ಗೊತ್ತೇ ಆಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ವಾರದಲ್ಲಿ ನಾನು ಮನಸಾರೆ ನಗುತ್ತಿದ್ದದ್ದು ಆ ಒಂದೇ ಬೆಳಿಗ್ಗೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದನ್ನು ನಾನು ಬಿಡುತ್ತೇನೆಯೇ? ಇಬ್ಬರ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದೆ. ಒಬ್ಬೊಬ್ಬರಾಗಿ ಜನ ಸೇರಿದರು. ಹುಮನಾಬಾದಿನಲ್ಲಿ ದಾಲ್ ಮಿಲ್ ಇಟ್ಟಿರುವ ವೀರಭದ್ರಪ್ಪ ಸಾವಕಾರರು ತಮ್ಮ ಜೀಪು ಸಮೇತ ಬಂದರು. ಜೀಪಿರುವವರನ್ನು ಬರಿಗೈಯಲ್ಲಿ ಕೂರಿಸುವುದು ಹೇಗೆ, ಅಧ್ಯಕ್ಷರನ್ನಾಗಿ ಮಾಡಿದೆವು. ಹೊರಸಂಚಾರ ಸಂಘವೆಂದು ಹೆಸರಿಟ್ಟು ನಾನು ಕಾರ್ಯದರ್ಶಿಯಾದೆ. ಒಂದು ಭಾನುವಾರ ಕಲ್ಯಾಣದ ಕಡೆ, ಮರುವಾರ ಹುಮನಾಬಾದಿನ ಕಡೆ ನಡೆಯುವುದೆಂದು ಗೊತ್ತಾಯಿತು. ಸಂಘದ ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕೆಂಬ ಜಗಳ ಮಾತ್ರ ಬಗೆಹರಿಯದೆ, ಎರಡು ರೀತಿಯ ಬ್ಯಾನರು ಮಾಡಿಸಿ, ಹೋದ ಊರಿಗೆ ತಕ್ಕದ್ದನ್ನು ಕಟ್ಟುತ್ತಿದ್ದೆವು.

ಮೊದಲು ಮುನಿಸಿಕೊಂಡವರು ದಿಗಂಬರರಾವ್. ತಹಸೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಎರಡು ವಾರ ಬರಲಿಲ್ಲ. ತಮ್ಮನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ಅವರ ದುಃಖ. ನಾನು ಹೋಗಿ ಉಪಾಧ್ಯಕ್ಷರಾಗಿರಿ ಎಂದೆ. ಮರುವಾರ ಹೊಸ ಬೂಟು ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದರು. ಸಂಘ ಕಟ್ಟುವ ಮದ್ದು ನನಗೆ ಸಿಕ್ಕೇಬಿಟ್ಟಿತು. ಯಾರು ಮುಖ ಸಣ್ಣದು ಮಾಡಿದರೂ ಒಂದು ಹುದ್ದೆ. ಸಂಘಟನಾ ಕಾರ್ಯದರ್ಶಿ, ಪ್ರಚಾರ ಪ್ರಮುಖ, ಕುಡಿಯುವ ನೀರಿನ ಉಸ್ತುವಾರಿ. ಕೊನೆಕೊನೆಗೆ ಹುದ್ದೆಗಳೇ ತೀರಿಹೋಗಿ, ದಣಿವಾರಿಸಿಕೊಳ್ಳಲು ಮರ ಹುಡುಕುವುದಕ್ಕೆ ನೆರಳು ಸಮಿತಿಯೆಂದು ಮಾಡಿ ಅದಕ್ಕೊಬ್ಬ ಸಂಚಾಲಕರನ್ನು ನೇಮಿಸಿದೆ. ಹುದ್ದೆ ಸಿಕ್ಕವರೆಲ್ಲ ವಿಸಿಟಿಂಗ್ ಕಾರ್ಡನ್ನು ನನ್ನ ಅಂಗಡಿಯಲ್ಲೇ ಮಾಡಿಸಿಕೊಳ್ಳುತ್ತಿದ್ದರು, ಅದಕ್ಕೇ ನಾನು ಹುದ್ದೆ ಹಂಚುತ್ತೇನೆ ಎಂದು ಕೆಲವರು ಆಡಿಕೊಂಡಿದ್ದುಂಟು. ಆಡಿಕೊಂಡವರಿಗೂ ಒಂದೊಂದು ಹುದ್ದೆ ಕೊಟ್ಟೆ.

ಹುದ್ದೆ ಕೊಟ್ಟಮೇಲೆ ಕೆಲಸ ಕೊಡಬೇಕಲ್ಲ. ನಮ್ಮ ಕಡೆ ಮನುಷ್ಯನಿಗೆ ಹಾರ, ಶಾಲು ಹಾಕದೆ ಯಾವ ಕಾರ್ಯಕ್ರಮವೂ ಪೂರ್ತಿಯಾಗುವುದಿಲ್ಲ. ನಡೆದು ಬರುವವರನ್ನು ಹಾದಿಯ ಕೊನೆಯಲ್ಲಿ ನಿಂತು ಸ್ವಾಗತಿಸುವುದು ಪದಾಧಿಕಾರಿಗಳ ಕರ್ತವ್ಯವೆಂದು ನಿರ್ಣಯವಾಯಿತು. ಸ್ವಾಗತಿಸಬೇಕಾದರೆ ಮೊದಲೇ ಅಲ್ಲಿರಬೇಕು, ಮೊದಲೇ ಇರಬೇಕಾದರೆ ಜೀಪಿನಲ್ಲಿ ಹೋಗಬೇಕು. ಹೀಗೆ ಪದಾಧಿಕಾರಿಗಳಾದವರೆಲ್ಲ ಒಬ್ಬೊಬ್ಬರಾಗಿ ಜೀಪು ಹತ್ತಿದರು. ನಾನು ಕೆಲವು ವಾರ ತಡೆದುಕೊಂಡು ಇಕ್ಬಾಲ್ ಭಾಯಿಯ ಜೊತೆ ನಡೆದೆ. ಆದರೆ ಕಾರ್ಯದರ್ಶಿಯೇ ಇಲ್ಲದೆ ಮೈಕು ಯಾರು ಹಿಡಿಯಬೇಕು ಎಂದು ತಕರಾರು ಬಂತು. ನಾನೂ ಹತ್ತಿದೆ. ಅಲ್ಲಿಗೆ ನಮ್ಮ ಹೊರಸಂಚಾರ ಸಂಘದಲ್ಲಿ ಹೊರಗೆ ಸಂಚಾರ ಮಾಡುವವರು ಇಕ್ಬಾಲ್ ಭಾಯಿ ಒಬ್ಬರೇ ಉಳಿದರು. ಅವರೊಬ್ಬರು ಬಿಸಿಲಲ್ಲಿ ಹೊಲ ದಾಟಿ ಬರುವುದು, ನಾವು ಇಷ್ಟೂ ಜನ ಬೇವಿನ ಮರದ ಕೆಳಗೆ ಸಾಲಾಗಿ ನಿಂತು ಚಪ್ಪಾಳೆ ತಟ್ಟುವುದು. ಹಾದಿಯಲ್ಲಿ ಎಮ್ಮೆ ಮೇಯಿಸುವವರು ಯಾರೋ ಮಂತ್ರಿ ಬರುತ್ತಾರೆಂದು ನಮ್ಮ ಜೊತೆ ಕಾದು ನಿಂತು, ಭಾಯಿಯನ್ನು ಕಂಡು ಬೇಜಾರಾಗಿ ಹೋಗುತ್ತಿದ್ದರು.

ಹೀಗಿರುವಾಗ ಸಂಘದ ಮುಂದಿನ ಹತ್ತು ವರ್ಷಗಳನ್ನು ಯೋಜಿಸಲು ಒಂದು ಸಭೆ ಕರೆದೆವು. ಹೊರಗೆ ಬಿಸಿಲು ಜಾಸ್ತಿ ಎಂದು ಹುಮನಾಬಾದಿನ ಒಂದು ಮಂಗಲ ಕಾರ್ಯಾಲಯದಲ್ಲಿ, ಫ್ಯಾನಿನ ಕೆಳಗೆ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು, ಅದರ ತುಂಬ ಪದಾಧಿಕಾರಿಗಳ ಫೋಟೊ. ಎಲ್ಲರೂ ವೇದಿಕೆಯ ಮೇಲೆ ಕೂತಿದ್ದರಿಂದ ಕೆಳಗಿನ ಕುರ್ಚಿಗಳಲ್ಲಿ ಇಕ್ಬಾಲ್ ಭಾಯಿ ಒಬ್ಬರೇ ಇದ್ದರು. ಸ್ವಂತ ಕಟ್ಟಡ ಬೇಕು ಎಂದಾಯಿತು, ಧ್ವಜ ಬೇಕು ಎಂದಾಯಿತು, ಹಿಮಾಲಯಕ್ಕೆ ಹೋಗಿ ಸ್ವಾಗತ ಮಾಡಬೇಕು ಎಂದು ನೆರಳು ಸಮಿತಿಯವರು ಸೂಚಿಸಿದರು. ಸದಸ್ಯತ್ವದ ವಿಷಯ ಬಂದಾಗ ದಿಗಂಬರರಾವ್ ಕೆಳಗೆ ನೋಡಿ, ಸಾಮಾನ್ಯ ಸದಸ್ಯರ ಅಭಿಪ್ರಾಯವೇನು ಎಂದು ಕೇಳಿದರು. ಇಕ್ಬಾಲ್ ಭಾಯಿ ಎದ್ದು ನಿಂತರು.

“ನಾ ಒಬ್ನ ನಡ್ಯಾಕತ್ತೀನಿ, ನೀವೆಲ್ಲಾರೂ ಸ್ವಾಗತ ಮಾಡಾಕತ್ತೀರಿ,” ಎಂದರು. “ಹಾರ ಬ್ಯಾಡ್ರಿ ನನಗ. ಮಾತಾಡ್ಕೋತ ಜೋಡಿ ನಡ್ಯಾಕ ಒಬ್ಬ ಮನಷ್ಯಾ ಬೇಕು. ಅದ ಆಗಂಗಿಲ್ಲಂದ್ರ ಮುಂದಿನ ಐತವಾರದಿಂದ ನಾ ಬರಂಗಿಲ್ರಿ.” ಹೇಳಿದ್ದು ಸಭೆಗೆ, ನೋಡಿದ್ದು ನನ್ನನ್ನು.

ವೇದಿಕೆ ಗಾಬರಿಯಾಯಿತು. ಇವರಿಗೂ ಒಂದು ಹುದ್ದೆ ಕೊಡೋಣ, ನಡಿಗೆ ಪ್ರಮುಖ ಎಂದು ಮಾಡೋಣ ಎಂದರು ಯಾರೋ. ಹಾಗೆ ಮಾಡಿದರೆ ಸದಸ್ಯರೇ ಇಲ್ಲದಂತಾಗಿ ನಾವೆಲ್ಲ ಯಾರಿಗೆ ಪದಾಧಿಕಾರಿಗಳು ಎಂದು ದಿಗಂಬರರಾವ್ ಕಾನೂನು ತೆಗೆದರು. ನನ್ನ ಚಿಂತೆ ಬೇರೆಯಾಗಿತ್ತು. ಭಾಯಿ ಬರದಿದ್ದರೆ ನನ್ನ ಭಾನುವಾರದಲ್ಲಿ ಏನು ಉಳಿಯಿತು? ಅವರ ಭಾಮೈದ ಆ ಒಂಟೆ ಹಾಲನ್ನು ಏನು ಮಾಡಿದನೆಂಬುದೂ ನನಗೆ ಇನ್ನೂ ತಿಳಿದಿರಲಿಲ್ಲ. ರಾಜೀನಾಮೆ ಕೊಟ್ಟುಬಿಡಬೇಕು, ಕೆಳಗಿಳಿದು ಅವರ ಪಕ್ಕದ ಕುರ್ಚಿಯಲ್ಲಿ ಕೂತುಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ಆದರೆ ಇಷ್ಟು ದೊಡ್ಡ ತ್ಯಾಗವನ್ನು ಸುಮ್ಮನೆ ಮಾಡಲಾಗುತ್ತದೆಯೇ? ನಾಲ್ಕು ಜನ ನೆನೆಯುವಂಥ ಮಾತು ಬೇಕು. ‘ಮಾನ್ಯರೇ, ಹುದ್ದೆಗಿಂತ ಹಾದಿ ದೊಡ್ಡದು’ ಎಂದು ಶುರುಮಾಡಲೇ, ಇಲ್ಲ ‘ಹಾದಿಯೇ ನನ್ನ ಹುದ್ದೆ’ ಎನ್ನಲೇ ಎಂದು ಯೋಚಿಸುತ್ತಿರುವಷ್ಟರಲ್ಲಿ ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು. ಸಾವಕಾರರು ಎದ್ದಿದ್ದರು.

“ನನ್ನ ಕುರ್ಚಿ ಯಾರಿಗರ ಕೊಡ್ರಿ,” ಎಂದರು ಅವರು. “ಜೀಪಿನಾಗ ಹೋಗೋದು, ಜೀಪಿನಾಗ ಬರೋದು. ಹೊಟ್ಟಿ ನೋಡ್ರಿ ಹ್ಯಾಂಗಾಗ್ಯದ. ಇಕ್ಬಾಲ್ ಭಾಯಿ, ನಾ ಬರ್ತೀನಿ ನಿಮ್ ಜೋಡಿ. ಜರಾ ಸಾವಕಾಶ ನಡೀಬೇಕಷ್ಟ.”

ಅಷ್ಟೇ. ಒಂದು ಅಲಂಕಾರವಿಲ್ಲ, ಒಂದು ಉಪಮೆಯಿಲ್ಲ. ಇಳಿದು ಹೋಗಿ ನಾನು ಕೂರಬೇಕೆಂದುಕೊಂಡಿದ್ದ ಕುರ್ಚಿಯಲ್ಲೇ ಕೂತರು. ಸರಿ, ನಾನೂ ಹಿಂದೆಯೇ ಇಳಿದು ಹೋಗಬಹುದಿತ್ತು. ಮೂರು ಜನ ನಡೆಯಬಾರದೆಂದು ಯಾರೂ ಹೇಳಿರಲಿಲ್ಲ. ಒಂದು ಕಾಲನ್ನು ಮೆಟ್ಟಿಲ ಕಡೆ ಇಟ್ಟೂ ಇದ್ದೆ. ಆದರೆ ಅಷ್ಟರಲ್ಲಿ ವೇದಿಕೆಯ ನಡುವಿನ ದೊಡ್ಡ ಕುರ್ಚಿ, ಕೆಂಪು ವೆಲ್ವೆಟ್ಟಿನದು, ಖಾಲಿಯಾಗಿರುವುದು ಎಲ್ಲರ ಕಣ್ಣಿಗೆ ಬಿತ್ತು. ದಿಗಂಬರರಾವ್ ನನ್ನ ಹೆಸರು ಸೂಚಿಸಿದರು. ನಾನು ಬೇಡ ಎಂದೆ. ಸ್ವಲ್ಪ ಮೆಲ್ಲಗೆ ಎಂದೆ. ಅವರು ಮತ್ತೆ ಒತ್ತಾಯ ಮಾಡಿದರು. ನಾನು ಇನ್ನೂ ಮೆಲ್ಲಗೆ ಬೇಡ ಎಂದೆ. ಕುರ್ಚಿ ತುಂಬ ಮೆತ್ತಗಿತ್ತು. ಕೂತಮೇಲೆ ಕೆಳಗೆ ನೋಡಿದರೆ ಇಕ್ಬಾಲ್ ಭಾಯಿ ಸಾವಕಾರರ ಕಡೆ ವಾಲಿ ಆಗಲೇ ಏನೋ ಹೇಳಲು ಶುರುಮಾಡಿದ್ದರು.

ಮನೆಗೆ ಬಂದು ಅಧ್ಯಕ್ಷನಾದೆನೆಂದು ಹೇಳಿದೆ. ಕಮಲಾಬಾಯಿ ಖುಷಿಪಡಲಿಲ್ಲ. “ಇಕ್ಬಾಲ್ ಭಾಯಿ ಜೋಡಿ ಯಾರ್ ನಡೀತಾರ?” ಎಂದು ಕೇಳಿದಳು. ಸಾವಕಾರರು ಎಂದೆ. “ಛಲೋ ಆತು ಬಿಡ್ರಿ, ಒಬ್ಬರರ ಸಿಕ್ಕರು,” ಎಂದು ಒಳಗೆ ಹೋದಳು.

ಮರುಭಾನುವಾರ ಮಾಣಿಕನಗರದಿಂದ ಹುಡಗಿ ಎಂಬ ಹಳ್ಳಿಯವರೆಗೆ ಹೊಲದ ಹಾದಿಯ ನಡಿಗೆ. ಹೊಸ ಅಧ್ಯಕ್ಷನಾಗಿ ನಾನು ಆ ಹಳ್ಳಿಯ ಹೊರಗೆ, ಎರಡು ಹಾರ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದೆ. ಬರುವ ಹೊತ್ತು ಮೀರಿತು. ಮೈಕಿನ ಬ್ಯಾಟರಿ ಹೋಯಿತು, ನೆರಳು ಸರಿದು ಆ ಸಮಿತಿಯವರು ಬೈಸಿಕೊಂಡರು. ಕಡೆಗೆ ಇಬ್ಬರೂ ಬಂದರು, ನಾವು ಕಾಯುತ್ತಿದ್ದ ಕಡೆಯಿಂದಲ್ಲ, ಬೆನ್ನ ಹಿಂದಿನಿಂದ. ಹಾದಿ ಬಿಟ್ಟು ಎಲ್ಲೋ ಸುತ್ತಿ ಬಂದಿದ್ದರು. ಸಾವಕಾರರ ಅಂಗಿ ಬೆವರಿನಿಂದ ತೊಯ್ದಿತ್ತು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. “ಒಂಟಿ ಮ್ಯಾಲ ಅಂವಾ ಕುಂತ ಬಿಟ್ಟಾನ?” ಎಂದು ಕೇಳುತ್ತಿದ್ದರು. ಭಾಮೈದನ ಒಂಟೆಯ ಕಥೆಯಲ್ಲಿ ಅದರ ಹಿಂದಿನದು ನನಗೆ ಗೊತ್ತಿರಲಿಲ್ಲ, ಮುಂದಿನದನ್ನು ಯಾರೂ ಹೇಳಲಿಲ್ಲ.

ನಾನು ಹಾರ ಎತ್ತಿದೆ. ಇಕ್ಬಾಲ್ ಭಾಯಿ ಪ್ರೀತಿಯಿಂದಲೇ ನನ್ನ ಕೈ ಹಿಡಿದರು. “ಅಧ್ಯಕ್ಷರ, ಮುಂದಿನ ವಾರ ನೀವ್ ಖಾಲಿಪೀಲಿ ಇಷ್ಟ ದೂರ ಬರಬ್ಯಾಡ್ರಿ,” ಎಂದರು. “ನಾವ್ ಯಾವ ಹಾದಿ ಹಿಡೀತೀವಿ ಅಂತ ನಮಗೇ ಗೊತ್ತಿರಂಗಿಲ್ಲ.” ಎಷ್ಟೋ ವರ್ಷಗಳಿಂದ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅಂದು ಮೊದಲ ಸಲ ಅಧ್ಯಕ್ಷರು ಎಂದಿದ್ದರು. ಇಬ್ಬರೂ ಚಹಾದಂಗಡಿಯ ಕಡೆ ನಡೆದುಹೋದರು.

ನಾನು ಹಾರ ಹಿಡಿದು ನಿಂತೇ ಇದ್ದೆ. ತಂದ ಹಾರ ವಾಪಸು ಒಯ್ಯುವುದು ಸರಿಯಲ್ಲವೆಂದು ದಿಗಂಬರರಾವ್ ಅವನ್ನು ನನ್ನ ಕೈಯಿಂದ ತೆಗೆದುಕೊಂಡು, ನನಗೇ ಹಾಕಲು ಬಂದರು. ಪದಾಧಿಕಾರಿಗಳೆಲ್ಲ ಚಪ್ಪಾಳೆ ತಟ್ಟಿದರು. ಹಾಕಲು ಅನುಕೂಲವಾಗಲೆಂದು ನಾನು ಕತ್ತು ಬಗ್ಗಿಸಿದೆ.