ಪಾಟ ಬರೆಯೋರು ರಾಯದುರ್ಗಕ್ಕೆ ಬಂದದ್ದು

ಹಾಡು ಬರೆಯುವವರ ಅಭಿಮಾನಿಯಾದವನಿಗೆ ಫಜೀತಿ ತಪ್ಪಿದ್ದಲ್ಲ. ನನಗಂತೂ ವಾರಕ್ಕೊಂದು ಇದ್ದೇ ಇರುತ್ತದೆ. ಹೀರೋನ ಅಭಿಮಾನಿಗೆ ಕಟೌಟು ಇದೆ, ಹಾಲಿನ ಅಭಿಷೇಕ ಇದೆ. ಹಾಡುಗಾರರ ಅಭಿಮಾನಿಗೆ ಆರ್ಕೆಸ್ಟ್ರಾ ಇದೆ. ಬರೆದವರ ಅಭಿಮಾನಿ ಹೆಮ್ಮೆಯಿಂದ ಹೆಸರು ಹೇಳಿದರೆ ಎದುರಿಗಿದ್ದವರು "ಯಾರ್ರೀ ಅವ್ರು?" ಅನ್ನುತ್ತಾರೆ.

ನಾನು ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡೊಂದರಲ್ಲಿ ಕಟಿಂಗ್ ಮಾಸ್ಟರು. ಅಷ್ಟೂ ಮಿಷಿನ್ನುಗಳ ಸದ್ದನ್ನು ಮೀರಿಸುವಂತೆ ದಿನವಿಡೀ ಹಾಡು ಹಾಕಿರುತ್ತೇವೆ. ಅದರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ಹಿರಿಯರೊಬ್ಬರು ಸಿನಿಮಾಕ್ಕೆ ಬರೆದ ಹಾಡುಗಳು. ಹೆಸರು ಬೇಡ, ಕವಿಗಳು ಅನ್ನೋಣ. ನನಗೆ ಮೀಸೆ ಚಿಗುರುವ ಮೊದಲೇ ಅವರು ಬರೆಯಲು ಶುರು ಮಾಡಿದ್ದರು. ಈಗ ನನ್ನ ಮೀಸೆ ಬೆಳ್ಳಗಾಗಿದೆ, ಅವರು ಇನ್ನೂ ಬರೆಯುತ್ತಿದ್ದಾರೆ. ಅವರ ಅಭಿಮಾನಿ ಸಂಘದಲ್ಲಿ ಇಬ್ಬರೇ ಇಬ್ಬರು. ಕಾರ್ಯದರ್ಶಿ ನಾನು. ಅಧ್ಯಕ್ಷರು ಮಡಕಶಿರಾದ ನಿವೃತ್ತ ಕನ್ನಡ ಮೇಷ್ಟ್ರು. ಅವರು ನನಗೆ ಹೆಣ್ಣು ಕೊಟ್ಟ ಮಾವ ಆದದ್ದೂ ಕವಿಗಳ ಕೃಪೆಯಿಂದಲೇ.

ಬರೆದೋರು ಯಾರು?

ಹೆಣ್ಣು ನೋಡಲು ಮಡಕಶಿರಾಕ್ಕೆ ಹೋಗಿದ್ದೆವು. ಉಪ್ಪಿಟ್ಟು, ಬಾಳೆಹಣ್ಣು ಮುಗಿದ ಮೇಲೆ ನಮ್ಮ ದೊಡ್ಡಪ್ಪ, "ಹುಡುಗಿಗೆ ಹಾಡು ಬರ್ತಾವೇನ್ರಿ?" ಅಂದರು. ಎಲ್ಲರೂ ದೇವರ ನಾಮಕ್ಕೆ ಕಾದಿದ್ದರೆ ಹುಡುಗಿ ತಲೆ ತಗ್ಗಿಸಿಕೊಂಡೇ ಕವಿಗಳ ಬಸ್ಸಿನ ಹಾಡು ಎತ್ತಿಕೊಂಡಳು. ಗಂಡ ಹೆಂಡತಿ ಜಗಳಾಡಿ, ಒಂದೇ ಬಸ್ಸಿನಲ್ಲಿ ಮುಂದೊಬ್ಬರು ಹಿಂದೊಬ್ಬರು ಕೂತು ಊರಿಗೆ ಹೋಗುವ ಹಾಡು ಅದು. ಮದುವೆಗೆ ಮೊದಲೇ ಜಗಳ ಕೇಳಿ ನಮ್ಮವ್ವನ ಮುಖ ಸಣ್ಣಗಾಯಿತು.

ನನಗೋ ಮೈ ಜುಮ್ಮೆಂದಿತು. ಹುಡುಗಿಯ ಹೆಸರು, ಓದು ಕೇಳುವುದು ಬಿಟ್ಟು, "ಬರೆದೋರು ಯಾರು?" ಅಂದೆ. ಅವಳು ಒಬ್ಬ ಹಾಡುಗಾರರ ಹೆಸರು ಹೇಳಿದಳು. ಅಷ್ಟರಲ್ಲಿ ಒಳಗಿಂದ ಅವಳಪ್ಪ ಕಾಫಿ ಲೋಟ ಹಿಡಿದೇ ಓಡಿಬಂದರು. "ತಪ್ಪು ಕಣಮ್ಮಾ! ಅವ್ರು ಹಾಡ್ದೋರು. ಬರ್ದೋರು ಬ್ಯಾರೆ ಅವ್ರೆ" ಎಂದು ಕವಿಗಳ ಹೆಸರನ್ನು ಇನಿಷಿಯಲ್ಲು ಸಮೇತ ಹೇಳಿದರು.

ನಾನು ಎದ್ದು ನಿಂತು ಅವರ ಕೈ ಹಿಡಿದೆ. ಆ ಹಾಡಿನ ಎರಡನೇ ಚರಣದ ಬಗ್ಗೆ ಇಬ್ಬರೂ ಜಗುಲಿಯಲ್ಲಿ ಕೂತು ಮಾತಾಡಿದ್ದೇ ಮಾತಾಡಿದ್ದು. ಹೊರಡುವ ಹೊತ್ತಿಗೆ ದೊಡ್ಡಪ್ಪ, "ಹೆಂಗಪಾ, ಒಪ್ಪಿಗೆನಾ?" ಅಂತ ಕೇಳಿದರು. "ಭಾಳ ಒಪ್ಪಿಗೆ ಐತ್ರಿ" ಅಂದೆ.

ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ: "ಇವ್ರು ಒಪ್ಕಂಡಿದ್ದು ನಮ್ಮಪ್ಪನ್ನ. ನನ್ನ ಮುಖ ನೋಡಿದ್ದು ತಾಳಿ ಕಟ್ಟುವಾಗ."

ಕಠಿಣ ಪಾಟ

ನಮ್ಮ ಕಡೆ ಒಂದೇ ಬಾಯಲ್ಲಿ ಎರಡು ಭಾಷೆ. ತೆಲುಗಿನಲ್ಲಿ ಪಾಟ ಅಂದರೆ ಹಾಡು. ಕನ್ನಡದ ಪಾಠವನ್ನೂ ನಮ್ಮ ನಾಲಿಗೆ ಪಾಟ ಅಂತಲೇ ಅನ್ನುತ್ತದೆ. ಕವಿಗಳನ್ನು ನಾವು "ಪಾಟ ಬರೆಯೋರು" ಅನ್ನುವುದು ರೂಢಿ.

ಸಂಘಕ್ಕೆ ಮೂರನೇ ಸದಸ್ಯರನ್ನು ಹುಡುಕುತ್ತ ಒಂದು ದಿನ ಗುಮ್ಮಘಟ್ಟದ ಶೇರ್ ಆಟೋ ಹತ್ತಿದೆ. ಪಕ್ಕದಲ್ಲಿ ಟೊಮೇಟೊ ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬಳು ಕೂತಿದ್ದಳು. ಎಂಟು ಮಂದಿಗೂ ಕೇಳುವಂತೆ ಹೇಳಿದೆ: "ನಾವು ಪಾಟ ಬರೆಯೋರ ಸಂಘದೋರು ರೀ. ಅವ್ರು ಇಷ್ಟು ವರ್ಷದಿಂದ ಬರಿಯಾಕ ಹತ್ಯಾರ, ಒಬ್ರಿಗೂ ಅವ್ರ ಹೆಸರು ಗೊತ್ತಿಲ್ಲ."

ಅಜ್ಜಿ ನನ್ನ ಕಡೆ ತಿರುಗಿದಳು. "ಅವ್ರು ನಿನಗ ಪರಿಚಯ ಅದಾರೇನಪ್ಪಾ?"

"ಫೋನ್ ನಂಬರೇ ಐತವ್ವಾ."

"ಹಂಗಾರ ಕೇಳು ಅವ್ರಿಗೆ. ಅಷ್ಟು ಕಠಿಣ ಯಾಕ ಬರೀಬೇಕು?"

ನನಗೆ ನೋವಾಯಿತು. "ಇಲ್ಲವ್ವಾ, ಅವ್ರದು ಭಾಳ ಸರಳ. ಎಂಥೋರಿಗೂ ಮನಸಿಗೆ ಮುಟ್ಟತೈತಿ" ಅಂದೆ.

"ಮನಸಿಗೆ ಮುಟ್ಟಿ ಏನ್ ಮಾಡ್ಲಿ? ನನ್ನ ಮೊಮ್ಮಗಳು ಎರಡು ಸಲ ಕುಂತಾಳ, ಎರಡು ಸಲನೂ ಫೇಲು!"

ಅವಳಿಗೆ ಹಾಡು, ಪಾಠಗಳ ವ್ಯತ್ಯಾಸ ಬಿಡಿಸಿ ಹೇಳುವ ಮೊದಲೇ ಅವಳ ಊರು ಬಂತು. ಬುಟ್ಟಿ ಇಳಿಸಿಕೊಂಡು, ಎರಡು ಟೊಮೇಟೊ ನನ್ನ ಕೈಗಿಟ್ಟು ಬೇಡಿಕೊಂಡಳು: "ಅವ್ರಿಗೆ ಕೊಡಪ್ಪಾ ಇದನ್ನ. ಬರೋ ವರ್ಷ ಲೆಕ್ಕದ ಪಾಟ ಸ್ವಲ್ಪ ಸಣ್ಣದು ಬರೀರಿ ಅನ್ನು."

ಅಳತೆ

ಕವಿಗಳಿಗೆ ರಾಯದುರ್ಗದಲ್ಲಿ ಒಂದು ಸನ್ಮಾನ ಮಾಡಬೇಕು ಎಂಬುದು ಮಾವನ ಬಹಳ ದಿನದ ಹಂಬಲ. ಈ ವರ್ಷ ಧೈರ್ಯ ಮಾಡಿ ಫೋನ್ ಹಚ್ಚಿದೆ. ಅವರು ಒಪ್ಪಿಕೊಂಡರು. ಆಮೇಲೆ ಹೇಳಿದ ಮಾತು ಕೇಳಿ ನನ್ನ ಕೈಯ ಕತ್ತರಿ ಜಾರಿ ಬಿತ್ತು.

"ಬರ್ತೀನಪ್ಪ. ಆದರೆ ಇದೇ ಕೊನೇದು. ಬರೆಯೋದು ನಿಲ್ಲಿಸ್ತಿದ್ದೀನಿ. ಮೊನ್ನೆ ಒಂದು ಸಮಾರಂಭದಲ್ಲಿ ಹಾಡಿದವರ ಫೋಟೋ ತೆಗೀತಿದ್ರು. ಫೋಟೋದವನು ನನಗೆ, ಸ್ವಲ್ಪ ಆ ಕಡೆ ಹೋಗಿ ಯಜಮಾನ್ರೇ, ನಿಮ್ಮ ನೆರಳು ಬೀಳುತ್ತೆ ಅಂದ. ಅವರು ಹಾಡಿದ್ದು ನನ್ನ ಹಾಡು, ಕಣಪ್ಪ."

ಮಾವನಿಗೆ ಹೇಳಿದಾಗ ಅವರು ಕಲಸಿದ ಅನ್ನ ಬಿಟ್ಟು ಎದ್ದರು. "ಅಳಿಯಂದ್ರೇ, ಅವ್ರು ಬರಿಯೋದು ನಿಲ್ಸಬಾರ್ದು. ತುಂಬಿದ ಸಭೆ ತೋರಿಸ್ಬೇಕು. ಒಂದೇ ಒಂದು ಕುರ್ಚಿ ಖಾಲಿ ಕಂಡ್ರೂ ಆ ಮನುಷ್ಯ ಎದ್ದೋಗಿಬಿಡ್ತಾರೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಇಬ್ಬರ ಸಂಘ ಸಭೆ ತುಂಬಿಸುವುದು ಹೇಗೆ?

ಅದು ಆಮೇಲಿನ ಮಾತು, ಮೊದಲು ಉಡುಗೊರೆ ಆಗಲಿ ಎಂದುಕೊಂಡೆ. ರಾಯದುರ್ಗಕ್ಕೆ ಬಂದವರನ್ನು ಜೀನ್ಸ್ ಕೊಡದೆ ಕಳಿಸಿದರೆ ನಮ್ಮ ಕಸುಬಿಗೆ ಅವಮಾನ. ಮತ್ತೆ ಫೋನ್ ಮಾಡಿ, "ಸರ್, ನಿಮ್ಮ ಅಳತಿ ಹೇಳ್ರಿ" ಅಂದೆ.

"ನಂದು ಅಂತ ಅಳತೆ ಏನಿಲ್ಲಪ್ಪ. ಅವರು ಕೊಟ್ಟ ಅಳತೆಗೆ ನಾನು ಹೊಂದಿಸ್ಕೊಳ್ತೀನಿ."

ದೊಡ್ಡವರ ವಿನಯ ಅಂದುಕೊಂಡೆ. "ಆದ್ರೂ ಸರ್, ಎಲ್ಲಿ ಬಿಗಿ ಆಗ್ತತಿ?"

"ಸಾಮಾನ್ಯವಾಗಿ ನಡುವೆ ಬಿಗಿ ಆಗುತ್ತೆ. ಅಲ್ಲಿ ಒಂದೆರಡು ಕಡೆ ಸಡಿಲ ಮಾಡ್ತೀನಿ. ಕೊನೆ ಮಾತ್ರ ಗಿಡ್ಡ ಇರಬೇಕು, ಉದ್ದ ಎಳೆದರೆ ಕೇಳೋರಿಗೆ ಉಸಿರು ಕಟ್ಟುತ್ತೆ."

ಎಲ್ಲವನ್ನೂ ಬರೆದುಕೊಂಡು ನಡು ಸಡಿಲ, ಕಾಲು ಗಿಡ್ಡ ಮಾಡಿ ಕತ್ತರಿಸಿದೆ. ಹೊಲಿದ ಮೇಲೆ ಅದನ್ನು ಅಳತೆ ಚೀಟಿ ಸಮೇತ ಮಾವನಿಗೆ ತೋರಿಸಿದೆ. ಅವರು ಎತ್ತಿ ಹಿಡಿದು, ಹಿಂದೆ ಮುಂದೆ ನೋಡಿ, "ಅವ್ರು ಹೇಳಿದ್ದು ಟ್ಯೂನಿನ ಅಳತೆ ಕಣಯ್ಯಾ! ಇದ್ರಾಗೆ ಕವಿಗಳ ಜತೆ ಸಂಗೀತ ನಿರ್ದೇಶಕರೂ ಹಿಡೀತಾರೆ!" ಅಂದರು.

ದೊಡ್ಡ ಪಾಟ

ಸನ್ಮಾನಕ್ಕೆ ಮಾರ್ಕೆಟ್ ಯಾರ್ಡಿನ ಒಂದು ಶೆಡ್ಡು ಸಿಕ್ಕಿತು. ಪ್ರಚಾರವನ್ನು ಮೈಕ್ ಸೆಟ್ಟಿನವನಿಗೆ ಒಪ್ಪಿಸಿದೆವು. ಅವನು ಆಟೋ ಮೇಲೆ ಮೈಕ್ ಕಟ್ಟಿಕೊಂಡು ಗುಮ್ಮಘಟ್ಟ, ಡಿ. ಹಿರೇಹಾಳ್ ಕಡೆಯೆಲ್ಲ ಸುತ್ತಿ ಬಂದ.

ಬೆಳಿಗ್ಗೆ ಹತ್ತಕ್ಕೆ ಕವಿಗಳನ್ನು ಕರೆದುಕೊಂಡು ಬಂದರೆ ಯಾರ್ಡಿನ ಗೇಟಿನವರೆಗೂ ಜನ! ಕುರ್ಚಿ ತುಂಬಿ, ಕಟ್ಟೆ ತುಂಬಿ, ಸುಮಾರು ಮಂದಿ ನಿಂತೇ ಇದ್ದರು. ಮಾವ ನನ್ನ ಭುಜ ಹಿಡಿದುಕೊಂಡು ಅತ್ತೇಬಿಟ್ಟರು. ಕವಿಗಳು ಮೆಟ್ಟಿಲ ಮೇಲೆ ನಿಂತು, "ಇಷ್ಟೂ ಜನ ನನಗೋಸ್ಕರ ಬಂದಿದ್ದಾರಾ?" ಎಂದು ಕೇಳಿದರು. "ಹೌದ್ರಿ ಸರ್" ಎಂದೆ ಎದೆಯುಬ್ಬಿಸಿ. ಕೆಲವರ ಪಕ್ಕದಲ್ಲಿ ಹಗ್ಗ ಕಟ್ಟಿದ ಟಗರು ಯಾಕಿವೆ ಎಂಬುದು ಮಾತ್ರ ತಿಳಿಯಲಿಲ್ಲ. ಪ್ರಾರ್ಥನೆಗೆ ಅವೂ ದನಿಗೂಡಿಸಿದವು.

ಕವಿಗಳು ಮಾತಿಗೆ ನಿಂತರು. ಎರಡು ವಾಕ್ಯ ಆಡಿದ್ದರೋ ಇಲ್ಲವೋ, ಮುಂದಿನ ಸಾಲಿನಲ್ಲಿದ್ದ ರುಮಾಲಿನ ಕುರಿಯಜಮಾನರೊಬ್ಬರು ಎದ್ದು, "ಮಾತು ಸಾಕ್ರಿ, ಪಾಟ ಶುರು ಮಾಡ್ರಿ!" ಅಂದರು. ಹಿಂದಿನಿಂದಲೂ "ಪಾಟ! ಪಾಟ!" ಎಂದು ಕೂಗು ಎದ್ದಿತು.

ಆಗ ನನಗೆ ಹೊಳೆಯಿತು. ತೆಲುಗಿನಲ್ಲಿ ಹರಾಜಿಗೂ ಪಾಟ ಅನ್ನುತ್ತಾರೆ, ಸವಾಲು ಕೂಗುವುದನ್ನೂ ಪಾಟ ಹಾಡುವುದು ಅಂತಲೇ ಅನ್ನುತ್ತಾರೆ. ಮೈಕ್‌ನವನನ್ನು ಮೂಲೆಗೆಳೆದು ಏನು ಕೂಗಿದೆ ಎಂದು ಕೇಳಿದೆ. "ರೇಪು ಮಾರ್ಕೆಟ್ ಯಾರ್ಡುಲೋ ಪೆದ್ದ ಪಾಟ, ಅಂದರೂ ರಂಡಿ ಅಂದೆ ರೀ" ಎಂದ. ಅಂದರೆ, ನಾಳೆ ಯಾರ್ಡಿನಲ್ಲಿ ದೊಡ್ಡ ಪಾಟ, ಎಲ್ಲರೂ ಬನ್ನಿ! ಯಾರ್ಡಿನಲ್ಲಿ ಆಗುವ ಪಾಟ ಹರಾಜಲ್ಲದೆ ಇನ್ನೇನು? ಜನ ಕೊಳ್ಳಲು, ಮಾರಲು ಬಂದಿದ್ದರು.

ಕವಿಗಳಿಗೆ ಇದೊಂದೂ ಗೊತ್ತಿಲ್ಲ. ಹಾಡು ಕೇಳುತ್ತಿದ್ದಾರೆ ಅಂದುಕೊಂಡರು. "ನನಗೆ ಹಾಡೋಕೆ ಬರಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನ ಕೇಳಿರಲಿಲ್ಲ" ಎಂದು ಕಣ್ಣೊರೆಸಿಕೊಂಡು, ಒಡಕು ದನಿಯಲ್ಲಿ ಬಸ್ಸಿನ ಹಾಡು ಶುರು ಮಾಡಿದರು. ಮೊದಲ ಸಾಲಿಗೇ ಶ್ರುತಿ ತಪ್ಪಿತು. ನಾನು ಕಣ್ಣು ಮುಚ್ಚಿಕೊಂಡೆ.

ಎರಡನೇ ಸಾಲನ್ನು ಎತ್ತಿಕೊಂಡವರು ರುಮಾಲಿನ ಯಜಮಾನರು. ಮೂರನೇ ಸಾಲಿಗೆ ಇಡೀ ಶೆಡ್ಡು ಹಾಡುತ್ತಿತ್ತು. ಟಗರಿನ ಹಗ್ಗ ಹಿಡಿದವರು, ಕಟ್ಟೆ ಮೇಲಿನವರು, ಗೇಟಿನ ಹತ್ತಿರ ಚಹಾ ಮಾರುವಾಕೆ, ಎಲ್ಲರಿಗೂ ಪೂರ್ತಿ ಬಾಯಿಪಾಠ. ಕವಿಗಳು ಹಾಡುವುದು ನಿಲ್ಲಿಸಿ ಸುಮ್ಮನೆ ಕೇಳುತ್ತ ನಿಂತರು.

ಮುಗಿದ ಮೇಲೆ ಯಜಮಾನರು, "ಇದನ್ನ ನೀವು ಬರದದ್ದೇನ್ರಿ?" ಅಂದರು.

"ಹೌದಪ್ಪ, ನಾನೇ."

"ಇದು ತಾನಾಗೇ ಹುಟ್ಟಿದ್ದು ಅಂತ ತಿಳಕೊಂಡಿದ್ವಿ ನಾವು! ಒಬ್ರು ಕುಂತು ಬರದಾರ ಅಂತ ಗೊತ್ತೇ ಇದ್ದಿಲ್ಲ. ಇವತ್ತು ಊಟಕ್ಕ ನಮ್ಮ ಮನಿಗೆ ಬರ್ರಿ. ಒಂದು ಟಗರು ಕೊಯ್ತೀನಿ!"

"ನಮ್ಮ ಮನಿಗೆ! ಎರಡು ಟಗರು!" ಎಂದು ಹಿಂದಿನಿಂದ ಇನ್ನೊಬ್ಬರು ಕೂಗಿದರು. ಯಜಮಾನರು ಬಿಡುತ್ತಾರೆಯೇ? "ನಂದು ಮೂರು!" ಅಂದರು. ಮೈಕ್‌ನವನಿಗೆ ಯಾರ್ಡಿನಲ್ಲಿ ಹರಾಜು ಕೂಗಿ ಅಭ್ಯಾಸ. ಮಾವನ ಕೈಯಿಂದ ಮೈಕ್ ಕಿತ್ತುಕೊಂಡು ಶುರು ಹಚ್ಚಿಯೇಬಿಟ್ಟ: "ಮೂರು ಟಗರು ಒಂದನೇ ಸಾರಿ... ಮೂರು ಟಗರು ಎರಡನೇ ಸಾರಿ..."

ಕವಿಗಳು ಓಡಿ ಬಂದು ಮೈಕಿನ ಮೇಲೆ ಕೈ ಮುಚ್ಚಿದರು.

"ಮೂರನೇ ಸಾರಿ ಅನ್ನಬೇಡಪ್ಪಾ! ಅಂದರೆ ಮುಗೀತು ಅಂತ. ನಾನಿನ್ನೂ ಮುಗಿದಿಲ್ಲ. ಬರೀತೀನಿ, ಇನ್ನೂ ಬರೀತೀನಿ!" ಮಾವ ಅಲ್ಲೇ ಕುಕ್ಕರಿಸಿ ಕೂತು ಎರಡೂ ಕೈ ಮುಗಿದರು. ಕವಿಗಳು ಕಣ್ಣೊರೆಸಿಕೊಂಡು, ಯಜಮಾನರ ಕಡೆ ತಿರುಗಿ ಮೆಲ್ಲಗೆ, "ಊಟಕ್ಕೆ ನಿಮ್ಮ ಮನೆಗೇ ಬರ್ತೀನಿ. ಆದರೆ ಟಗರು ಬೇಡ. ನಾನು ಸೊಪ್ಪು ತಿನ್ನೋನು" ಅಂದರು.

ಯಜಮಾನರ ಮುಖ ಅರಳಿತು. "ಸೊಪ್ಪು ತಿಂತೀರಾ? ಹಂಗಾರ ಚಲೋ ಆತು ಬಿಡ್ರಿ, ಕೊಯ್ಯೂದೇ ಬ್ಯಾಡ. ನೀವೂ ಅವೂ ಜೋಡಿ ಉಣ್ರಿ, ಬರ್ರಿ!"